ಖಾಲಿ ಪಾತ್ರೆ

ಊರಿನ ಮದುವೆಮನೆಗಳಲ್ಲಿ ಒಬ್ಬರು ಪೆನ್ನು, ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದುದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಯಾರು ಎಷ್ಟು ಮುಯ್ಯಿ ಓದಿಸಿದರು ಎಂದು ಬರೆದಿಡುವುದು ಅವರ ಕೆಲಸ. ಮುಂದೆ ಆ ಮನೆಯವರ ಮಗಳ ಮದುವೆಗೆ ಹೋಗುವಾಗ ಅದೇ ನೋಟ್‌ಬುಕ್ ತೆಗೆದು ನೋಡಿ, ಅಷ್ಟಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸಬೇಕು. ಗದ್ದೆಗಳಲ್ಲೂ ಹೀಗೇ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನಿಮ್ಮ ನಾಟಿಗೆ ನಾವು ಬಂದರೆ ನಾಳೆ ನಮ್ಮ ನಾಟಿಗೆ ನೀವು. ಕೂಲಿ ಇಲ್ಲ, ಆದರೆ ಲೆಕ್ಕ ಉಂಟು. ವಿಚಿತ್ರವೆಂದರೆ ಸೇಡು ತೀರಿಸಿಕೊಳ್ಳುವುದಕ್ಕೂ ಕನ್ನಡದಲ್ಲಿ ‘ಮುಯ್ಯಿ ತೀರಿಸಿಕೊಳ್ಳುವುದು’ ಎಂದೇ ಹೇಳುತ್ತೇವೆ. ಉಪಕಾರವಾಗಲಿ ಅಪಕಾರವಾಗಲಿ, ಬಾಕಿ ಉಳಿಯಕೂಡದು ಎಂಬುದು ಆ ಪದದ ಒಳಗಿನ ಹಟ.

ಈ ಲೆಕ್ಕ ನಮ್ಮ ಜೊತೆಯಲ್ಲೇ ವಿಮಾನ ಹತ್ತಿ ಬಂದಿದೆ. ಲಫ್‌ಬರೋದಿಂದ ಲೆಸ್ಟರ್, ನಾಟಿಂಗ್‌ಹ್ಯಾಮ್‌ವರೆಗೆ ಯಾವ ಕನ್ನಡಿಗರ ಅಡುಗೆಮನೆಗೆ ಹೋದರೂ ಒಂದು ಮೂಲೆಯಲ್ಲಿ ಬೇರೆಯವರ ಸ್ಟೀಲ್ ಡಬ್ಬಿಗಳು ಕಾಯುತ್ತಿರುತ್ತವೆ. ಬಿಸಿಬೇಳೆಭಾತ್ ಬಂದ ಡಬ್ಬಿ ಖಾಲಿ ಹೋಗಬಾರದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ನಮ್ಮ ಅಮ್ಮಂದಿರು ಕಲಿಸಿದ್ದಾರೆ. ಚೆಂದದ ಪದ್ಧತಿಯೇ. ಆದರೆ ಎಂದಾದರೂ ಒಂದು ದಿನ ಡಬ್ಬಿ ತುಂಬಿಸುವ ಶಕ್ತಿಯೇ ಇಲ್ಲದೆ ಹೋದರೆ? ಆಗ ಬಂದ ಡಬ್ಬಿಯನ್ನು ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳುವುದು? ಕೇಳಲು ಸಣ್ಣ ಪ್ರಶ್ನೆ. ನಮ್ಮ ಮನೆಯಲ್ಲಿ ಒಂದು ವರ್ಷ ಇದೇ ಪ್ರಶ್ನೆಯ ಜೊತೆ ಬಾಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಿಬ್ಬರಲ್ಲಿ ಒಬ್ಬರಿಗೆ ಸೊಂಟದ ಭಾಗದಲ್ಲಿ ಸ್ಪೈನಲ್ ಫ್ಯೂಷನ್ ಶಸ್ತ್ರಚಿಕಿತ್ಸೆ ಆಯಿತು. ದಿನವಿಡೀ ಕುರ್ಚಿಯಲ್ಲಿ ಕೂತು ಕೋಡ್ ಬರೆಯುವ ನಮ್ಮ ವೃತ್ತಿಯಲ್ಲಿ ಬೆನ್ನುನೋವು ಯಾರಿಗೂ ಹೊಸದಲ್ಲ. ಅದರಲ್ಲಿ ತೀರಾ ಕೆಲವರಿಗಷ್ಟೇ ಈ ಹಂತ ಬರುತ್ತದೆ. ಇದರಲ್ಲಿ ಮಾಡುವುದೇನೆಂದರೆ, ಅಲುಗಾಡಿ ನೋವು ಕೊಡುವ ಎರಡು ಬೆನ್ನುಮೂಳೆಯ ಮಣಿಗಳ ನಡುವೆ ಎಲುಬಿನ ಚೂರುಗಳನ್ನು ಕೂರಿಸಿ, ಅವೆರಡೂ ಬೆಳೆದು ಒಂದೇ ಎಲುಬಾಗುವಂತೆ ಬೆಸೆಯುವುದು. 1911ರಲ್ಲಿ ನ್ಯೂಯಾರ್ಕಿನಲ್ಲಿ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಇದನ್ನು ಮಾಡಿ ತೋರಿಸಿದಾಗ, ರೋಗಿಗಳು ಮುಖ್ಯವಾಗಿ ಬೆನ್ನುಮೂಳೆಗೆ ಕ್ಷಯ ತಗುಲಿದವರು. ಈಗ ಟೈಟಾನಿಯಂ ತಿರುಪು, ಸರಳುಗಳಿಂದ ಬಿಗಿಯುತ್ತಾರೆ. ಸಾಮಾನ್ಯವಾಗಿ ಮರುದಿನವೇ ಎಬ್ಬಿಸಿ ನಡೆಸುತ್ತಾರೆ, ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಅಷ್ಟು ಬೇಗ ಮನೆಗೆ ಬಂದದ್ದನ್ನು ಕಂಡವರು ‘ಅಯ್ಯೋ, ಎಷ್ಟು ಸುಲಭ ಆಗೋಯ್ತು’ ಎನ್ನುತ್ತಾರೆ. ಆದರೆ ತಿರುಪುಗಳು ಕಟ್ಟಡದ ಸಾರುವೆ ಇದ್ದ ಹಾಗೆ. ಒಳಗಿನ ಎಲುಬು ಬೆಳೆದು ಕೂಡಿಕೊಳ್ಳಲು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಅದು ಕೂಡದೇ ಹೋದರೆ ಲೋಹ ಎಷ್ಟೇ ಗಟ್ಟಿಯಾಗಿದ್ದರೂ ಮುಂದೊಂದು ದಿನ ಸಡಿಲವಾಗಬಹುದು, ಮುರಿಯಲೂ ಬಹುದು.

ಆದ್ದರಿಂದ ಮೊದಲ ವಾರಗಳಲ್ಲಿ ಬಗ್ಗಬೇಡಿ, ಎತ್ತಬೇಡಿ, ತಿರುಚಬೇಡಿ ಎಂಬ ಮೂರು ಕಟ್ಟಳೆಗಳು. ನೀರು ತುಂಬಿದ ಕೆಟಲ್‌ಗಿಂತ ಭಾರವಾದದ್ದನ್ನು ಎತ್ತಬೇಡಿ ಎಂದು ಹೇಳುವುದುಂಟು. ಬೇಳೆ ಬೆಂದ ಕುಕ್ಕರ್ ಅದಕ್ಕಿಂತ ಭಾರ. ಮಗು ಇನ್ನೂ ಭಾರ. ಕಾಲುಚೀಲ ಹಾಕಿಕೊಳ್ಳಲು, ಬಿದ್ದ ಸ್ಪೂನ್ ಎತ್ತಲು, ದೇವರ ಮುಂದೆ ದೀಪದ ಬತ್ತಿ ಸರಿಮಾಡಲು ಇನ್ನೊಬ್ಬರು ಬೇಕು. ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋದರೆ ಎಲ್ಲರೂ ಉದ್ದಂಡ ನಮಸ್ಕಾರ ಮಾಡುವಾಗ ಮರದ ಕೊರಡಿನಂತೆ ನಿಂತಿರಬೇಕು. (ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಗೆಳೆಯರೊಬ್ಬರು ಆಗ ನೆನಪಿಸಿದರು. ನಗುವುದಕ್ಕೂ ಬೆನ್ನು ಬೇಕು ಎಂದು ಅವತ್ತು ತಿಳಿಯಿತು.)

ಇಂಥ ಹೊತ್ತಿನಲ್ಲಿ ಯಾರಾದರೂ ಫೋನ್ ಮಾಡಿ ‘ಏನಾದರೂ ಬೇಕಾ?’ ಎಂದು ಕೇಳಿದರೆ ನಮ್ಮವರ ಬಾಯಿಂದ ತಾನಾಗಿ ಬರುವ ಉತ್ತರ ಒಂದೇ: ‘ಏನೂ ಬೇಡ, ನಾವೇ ನೋಡ್ಕೋತೀವಿ.’ ಎಷ್ಟು ಮನೆಗಳಲ್ಲಿ ಈ ಮಾತನ್ನು ಕೇಳಿದ್ದೇವೆ! ಇದರಲ್ಲಿ ಸ್ವಾಭಿಮಾನವಿದೆ, ಸಂಕೋಚವಿದೆ, ಅವರಿಗೇಕೆ ತೊಂದರೆ ಎಂಬ ಒಳ್ಳೆಯತನವೂ ಇದೆ. ಆದರೆ ಈ ಮಾತಿನಲ್ಲಿರುವ ‘ನಾವು’ ಯಾರು ಎಂದು ಸ್ವಲ್ಪ ನಿಂತು ಕೇಳಬೇಕು. ತೆಲುಗಿನಲ್ಲಿ ಎದುರಿಗಿರುವವರನ್ನೂ ಸೇರಿಸಿಕೊಂಡರೆ ‘ಮನಂ’, ಅವರನ್ನು ಬಿಟ್ಟರೆ ‘ಮೇಮು’ ಎಂದು ಎರಡು ಬಗೆಯ ‘ನಾವು’ ಇದೆ. ಕನ್ನಡದಲ್ಲಿ ಇರುವುದು ಒಂದೇ, ಅದರ ಹಿಂದೆ ಯಾರು ಬೇಕಾದರೂ ಮರೆಯಾಗಬಹುದು. ಊರಿನಲ್ಲಾದರೆ ‘ನಾವು’ ಎಂದರೆ ಅತ್ತೆ, ನಾದಿನಿ, ಪಕ್ಕದ ಮನೆಯವರು, ಕೆಲಸದವರು ಎಲ್ಲ ಸೇರಿ ಏಳೆಂಟು ಜನ. ಇಲ್ಲಿ ಗಂಡ ಹಾಸಿಗೆ ಹಿಡಿದಿದ್ದರೆ ‘ನಾವೇ ನೋಡ್ಕೋತೀವಿ’ ಎಂಬುದರ ಅರ್ಥ ‘ನನ್ನ ಹೆಂಡತಿ ಒಬ್ಬಳೇ ನೋಡಿಕೊಳ್ಳುತ್ತಾಳೆ’ ಎಂದು. ಹೆಂಡತಿ ಮಲಗಿದ್ದರೆ ಇದೇ ಮಾತು ತಿರುಗಿ ಬರುತ್ತದೆ. ಜೊತೆಗೆ, ಅವಳ ಅಡುಗೆಮನೆಯ ಅರ್ಧ ಭಾರ ಅವಳು ಮಲಗಿದ ಮೇಲೂ ಅವಳ ತಲೆಯಲ್ಲೇ ಉಳಿಯುತ್ತದೆ. ಇಲ್ಲವೇ ಊರಿಂದ ಎಪ್ಪತ್ತು ದಾಟಿದ ತಾಯಿಯನ್ನು ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಕರೆಸಿಕೊಳ್ಳುತ್ತೇವೆ. ನಮ್ಮ ಬೆನ್ನು ಉಳಿಸಲು ಅವರ ಮಂಡಿ ಸವೆಯುತ್ತದೆ. ಅವರು ಬೇಡವೆನ್ನುವುದಿಲ್ಲ, ಬೇಡವೆಂದು ಅವರಿಗೆ ಯಾರೂ ಕಲಿಸಿಲ್ಲ.

ಹೀಗೆ ನೋಡಿದರೆ, ಬೇರೆಯವರಿಗೆ ತೊಂದರೆ ಕೊಡಬಾರದೆಂದು ನೆರವನ್ನು ನಿರಾಕರಿಸುವವರು ತೊಂದರೆಯನ್ನು ಇಲ್ಲವಾಗಿಸುವುದಿಲ್ಲ, ಇಲ್ಲವೆನ್ನಲಾರದವರ ಹೆಗಲಿಗೆ ಅದನ್ನು ದಾಟಿಸುತ್ತಾರೆ. ನಮ್ಮ ಮಾನ ಉಳಿಯುತ್ತದೆ, ಅದರ ಬೆಲೆಯನ್ನು ಮನೆಯ ಇನ್ನೊಬ್ಬರು ಕೊಡುತ್ತಾರೆ. ಇದನ್ನು ಸ್ವಾವಲಂಬನೆ ಎಂದು ಕರೆಯುವುದು ಸರಿಯೇ?

ಆದರೂ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ನಮ್ಮ ಧರ್ಮದಲ್ಲಿ ತೆಗೆದುಕೊಳ್ಳುವುದನ್ನು ಹೊಗಳಿರುವುದು ಕಡಿಮೆ. ಪತಂಜಲಿಗಳ ಯೋಗಸೂತ್ರದಲ್ಲಿ ಅಪರಿಗ್ರಹ ಒಂದು ಯಮ. ದಾನ ಸ್ವೀಕರಿಸುವವನು ಎಚ್ಚರದಿಂದಿರಬೇಕೆಂದು ಶಾಸ್ತ್ರಗಳು ಹೇಳುತ್ತವೆ. ಋಣ ಎಂಬ ಪದ ಕೇಳಿದರೇ ನಮಗೆ ಮುಂದಿನ ಜನ್ಮದ ಭಯ. ಇದೆಲ್ಲ ಹುರುಳಿಲ್ಲದ ಮಾತೆಂದು ತಳ್ಳಿಹಾಕುವಂತಿಲ್ಲ. ತೆಗೆದುಕೊಳ್ಳುವುದೇ ಅಭ್ಯಾಸವಾದವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅಪರಿಗ್ರಹ ಹೇಳುವುದು ಬೇಕಾದದ್ದಕ್ಕಿಂತ ಹೆಚ್ಚಿನದನ್ನು ಕೂಡಿಡುವವರಿಗೆ. ಕಾಲುಚೀಲ ಹಾಕಿಕೊಳ್ಳಲಾಗದವನಿಗೆ ಒಬ್ಬರು ಬಂದು ಹಾಕಿದರೆ ಅಲ್ಲಿ ಕೂಡಿಡುವ ಮಾತೆಲ್ಲಿ ಬಂತು?

ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಮೂರು ಬಗೆಯ ದಾನಗಳ ವಿಚಾರ ಬರುತ್ತದೆ. ಚಿಕ್ಕಂದಿನಲ್ಲಿ ಶ್ಲೋಕಗಳನ್ನು ಬಾಯಿಪಾಠ ಮಾಡಿದಾಗ ಅದು ಕೊಡುವವರಿಗೆ ಹೇಳಿದ ಮಾತೆಂದೇ ತಿಳಿದಿದ್ದೆವು. ಮಲಗಿದವರ ಪಕ್ಕದಲ್ಲಿ ಕೂತು ಓದಿದರೆ ಬೇರೆಯಾಗಿ ಕಾಣುತ್ತದೆ. ಪ್ರತ್ಯುಪಕಾರದ ನಿರೀಕ್ಷೆಯಿಂದ ಕೊಟ್ಟದ್ದು ರಾಜಸ, ಅಂದರೆ ನಮ್ಮ ಮುಯ್ಯಿಯ ನೋಟ್‌ಬುಕ್ ಸೇರುವುದು ಇಲ್ಲಿಗೆ. ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರಗಳ ಜೊತೆ ಇನ್ನೊಂದು ಲಕ್ಷಣವನ್ನೂ ಹೇಳಿದ್ದಾರೆ: ಪಡೆಯುವವನು ‘ಅನುಪಕಾರಿ’ಯಾಗಿರಬೇಕು. ಹಿಂದಿರುಗಿಸಲು ಶಕ್ತಿ ಇಲ್ಲದವನು, ಶಕ್ತಿ ಇದ್ದರೂ ಅದನ್ನು ಬಯಸದೆ ಯಾರಿಗೆ ಕೊಡುತ್ತೇವೋ ಅವನು ಎಂದು ಶಂಕರರು ಇದನ್ನು ವಿವರಿಸುತ್ತಾರೆ. ಅಂದಮೇಲೆ ಸಾತ್ತ್ವಿಕ ದಾನವೊಂದು ನಡೆಯಬೇಕಾದರೆ, ಹಿಂದಿರುಗಿಸಲಾರೆ ಎಂದು ಗೊತ್ತಿದ್ದೂ ಕೈಚಾಚಿ ತೆಗೆದುಕೊಳ್ಳುವ ಒಬ್ಬರು ಬೇಕೇ ಬೇಕು. ದಾನಕ್ಕೆ ಯೋಗ್ಯನಾದವನಿಗೆ ಸಂಸ್ಕೃತದಲ್ಲಿ ‘ಪಾತ್ರ’ ಎನ್ನುತ್ತಾರೆ, ನಮ್ಮ ಅಡುಗೆಮನೆಯ ‘ಪಾತ್ರೆ’ಯೂ ಅದೇ ಪದ. ತುಂಬಿದ ಪಾತ್ರೆಗೆ ಯಾರೂ ಏನನ್ನೂ ಹಾಕಲಾರರು.

ಹಾಗೆಂದು ನಮಗೆ ಸ್ವೀಕರಿಸಲು ಬರುವುದೇ ಇಲ್ಲವೆಂದೇನೂ ಅಲ್ಲ. ಧರ್ಮಸ್ಥಳದಲ್ಲಿ, ಹೊರನಾಡಿನಲ್ಲಿ, ಸಿದ್ಧಗಂಗೆಯ ದಾಸೋಹದಲ್ಲಿ ಕೋಟ್ಯಾಧಿಪತಿಯೂ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ. ಅಕ್ಕಿ ಯಾರದು, ಬಡಿಸುವವರು ಯಾರು ಎಂದು ಕೇಳುವುದಿಲ್ಲ, ನಾಚುವುದೂ ಇಲ್ಲ. ದೇವರ ಹೆಸರಿನಲ್ಲಿ ಬಂದರೆ ಪ್ರಸಾದ. ಅದೇ ಅನ್ನಸಾರು ಪಕ್ಕದ ಬೀದಿಯ ಕನ್ನಡಿಗರ ಮನೆಯಿಂದ ಬಂದರೆ ಮಾತ್ರ ಹೊರೆ. ಈ ವ್ಯತ್ಯಾಸಕ್ಕೆ ಏನು ಕಾರಣವೆಂದು ಯೋಚಿಸಿದರೆ, ದೇವರು ನಮ್ಮ ನೋಟ್‌ಬುಕ್ಕಿನಲ್ಲಿಲ್ಲ, ಪಕ್ಕದ ಬೀದಿಯವರು ಇದ್ದಾರೆ ಎಂಬುದಷ್ಟೇ ನಮಗೆ ತೋಚುತ್ತದೆ.

ಶಸ್ತ್ರಚಿಕಿತ್ಸೆಯೇ ಈ ಪಾಠವನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಬೆಸೆಯಲು ಬಳಸುವ ಎಲುಬನ್ನು ಹಲವು ಸಲ ರೋಗಿಯ ಸ್ವಂತ ಸೊಂಟದೆಲುಬಿನಿಂದಲೇ ತೆಗೆಯುತ್ತಾರೆ. ಕೆಲವು ಸಲ ಬೇರೆಯವರ ಎಲುಬನ್ನೂ ಬಳಸುತ್ತಾರೆ. ಈ ದೇಶದಲ್ಲಿ ಸೊಂಟದ ಕೀಲು ಬದಲಿಸಿಕೊಳ್ಳುವವರು ಒಪ್ಪಿದರೆ, ಹೊರತೆಗೆದ ತೊಡೆಯೆಲುಬಿನ ಗುಂಡನೆಯ ತುದಿಯನ್ನು ಎಸೆಯದೆ ಪರೀಕ್ಷಿಸಿ, ಶೈತ್ಯದಲ್ಲಿಟ್ಟು ಕಾಪಾಡುವ ಏರ್ಪಾಡು ಇದೆ. ಎನ್‌ಎಚ್‌ಎಸ್‌ನ ಅಂಗಾಂಶ ಬ್ಯಾಂಕ್ ಇರುವುದು ಲಿವರ್‌ಪೂಲ್‌ನಲ್ಲಿ. ಬರ್ನ್ಲಿಯ ಅಜ್ಜಿಯೊಬ್ಬರ ಎಲುಬಿನ ಚೂರು ದಾವಣಗೆರೆಯಲ್ಲಿ ಹುಟ್ಟಿದವರ ಬೆನ್ನಿನಲ್ಲಿ ಕೂತಿರಬಹುದು. ಅವರ ಹೆಸರು ಪಡೆದವರಿಗೆ ಗೊತ್ತಾಗುವುದಿಲ್ಲ, ಮುಯ್ಯಿ ಮಾಡಲು ವಿಳಾಸವೂ ಇಲ್ಲ. ದಧೀಚಿ ಮಹರ್ಷಿಗಳು ದೇಹವನ್ನೇ ಬಿಟ್ಟು, ಅವರ ಎಲುಬುಗಳಿಂದ ವಜ್ರಾಯುಧವಾದ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ, ಹೇಳುವಾಗ ಕಣ್ಣು ದಧೀಚಿಯ ಮೇಲೇ ಇರುತ್ತದೆ. ಅಷ್ಟು ದೊಡ್ಡದನ್ನು ಕೇಳಲು ಆಶ್ರಮದ ಬಾಗಿಲಿಗೆ ಬಂದ ದೇವತೆಗಳ ಪಾಡನ್ನು ಯಾರೂ ವಿವರಿಸುವುದಿಲ್ಲ. ಸ್ವರ್ಗದ ಒಡೆಯನಾದ ಇಂದ್ರನಿಗೂ ಕೇಳದೆ ಗತಿಯಿರಲಿಲ್ಲ.

ಮುಚ್ಚಿಡುವುದರ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಆಪರೇಷನ್ ಆದರೆ ಊರಿಗೆ ತಿಳಿಸುವುದಿಲ್ಲ, ದೇವಸ್ಥಾನದಲ್ಲಿ ಹೇಳುವುದಿಲ್ಲ, ‘ಸ್ವಲ್ಪ ಬ್ಯುಸಿ’ ಎಂದುಬಿಡುತ್ತೇವೆ. ರಾಣಿ ಎಲಿಜಬೆತ್ ಅವರ ಮೊಮ್ಮಗಳು ಯೂಜಿನಿಗೆ 2002ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಬೆನ್ನುಮೂಳೆ ಡೊಂಕಾಗಿದ್ದಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತು. 2018ರ ಅಕ್ಟೋಬರ್‌ನಲ್ಲಿ ವಿಂಡ್ಸರ್‌ನಲ್ಲಿ ಮದುವೆಯಾದಾಗ ಆಕೆ ಬೆನ್ನಿನ ಗಾಯದ ಗೆರೆ ಕಾಣುವಂತೆಯೇ ಉಡುಪು ಹೊಲಿಸಿಕೊಂಡಿದ್ದರು. ಅರಮನೆಯವರು ಅಷ್ಟು ಮಾಡಬಹುದಾದರೆ, ಹೆಚ್ಚೂಕಡಿಮೆ ಒಬ್ಬರನ್ನೊಬ್ಬರು ಬಲ್ಲ ನಾವು ನಾಲ್ಕೈದು ಊರುಗಳ ಕನ್ನಡಿಗರು ಇಷ್ಟೇಕೆ ಮುಚ್ಚಿಡಬೇಕು?

ಕಾರಣ ಇಲ್ಲದೇ ಇಲ್ಲ. ಕೊಡುವವರ ಕಡೆಯಿಂದಲೂ ತಪ್ಪುಂಟು. ಡಬ್ಬಿಯ ಜೊತೆ ಉಪದೇಶವೂ ಬರುತ್ತದೆ. ‘ಯೋಗ ಮಾಡಿದ್ದರೆ ಹೀಗಾಗ್ತಿರಲಿಲ್ಲ’, ‘ಇಲ್ಲಿ ಯಾಕೆ ಮಾಡಿಸಿದ್ರಿ, ಬೆಂಗಳೂರಿಗೆ ಹೋಗಬಹುದಿತ್ತಲ್ಲ’, ಎಲ್ಲಕ್ಕಿಂತ ಮಿಗಿಲಾಗಿ, ‘ಏನ್ ಮಾಡೋದು, ಪ್ರಾರಬ್ಧ.’ ಕರ್ಮ ಸಿದ್ಧಾಂತದಲ್ಲಿ ನಮಗೆ ನಂಬಿಕೆ ಇದೆ. ಆದರೆ ಅದು ನಮ್ಮ ನಮ್ಮ ಬದುಕನ್ನು ನಾವೇ ತೂಗಿಕೊಳ್ಳಲು ಇರುವ ತಕ್ಕಡಿ, ಹಾಸಿಗೆಯಲ್ಲಿ ಮಲಗಿದವರ ಮೇಲೆ ಇಡುವ ಕಲ್ಲಲ್ಲ. ಅದೇ ಗೀತೆಯಲ್ಲಿ, ಪಡೆಯುವವರನ್ನು ಹಗುರಮಾಡಿ ಕೊಟ್ಟ ದಾನವನ್ನು ತಾಮಸದಲ್ಲಿ ಸೇರಿಸಿದ್ದಾರೆ. ಇನ್ನೊಂದು ಸಣ್ಣ ವಿಷಯ: ‘ಏನಾದರೂ ಬೇಕಾದರೆ ಹೇಳಿ’ ಎಂದರೆ ಕೇಳುವ ಭಾರವನ್ನೂ ರೋಗಿಯ ಮೇಲೇ ಹಾಕಿದಂತೆ. ‘ಮಂಗಳವಾರ ಮಕ್ಕಳನ್ನು ಸ್ಕೂಲಿನಿಂದ ನಾವು ಕರೆತರುತ್ತೇವೆ’ ಎಂದರೆ ಉತ್ತರಿಸುವುದು ಸುಲಭ.

ಮತ್ತೆ, ನೆರವು ಬರುವ ಕಾಲಕ್ಕೂ ಎಲುಬು ಬೆಳೆಯುವ ಕಾಲಕ್ಕೂ ತಾಳೆಯಾಗುವುದಿಲ್ಲ. ಮೊದಲ ಎರಡು ವಾರ ಫ್ರಿಜ್ಜಿನಲ್ಲಿ ಜಾಗವಿರುವುದಿಲ್ಲ. ಆರನೆಯ ವಾರಕ್ಕೆ ಫೋನ್‌ಗಳು ನಿಲ್ಲುತ್ತವೆ. ನಡೆದಾಡುವುದನ್ನು ನೋಡಿದವರು ಎಲ್ಲ ಮುಗಿಯಿತೆಂದುಕೊಳ್ಳುತ್ತಾರೆ. ಒಳಗೆ ಎಲುಬು ಆಗಿನ್ನೂ ಕೂಡಲು ಶುರುಮಾಡಿರುತ್ತದೆ. ಕ್ವೀನ್ಸ್ ಪಾರ್ಕಿನ ಗಂಟೆಗೋಪುರದವರೆಗೆ ನಡೆದು, ಬೆಂಚಿನಲ್ಲಿ ಕೂತು ಸುಧಾರಿಸಿಕೊಂಡು ಹಿಂತಿರುಗುವುದೇ ಆ ದಿನದ ಸಾಧನೆಯಾಗಿರುತ್ತದೆ. ಬೇಸರ, ‘ಇನ್ನು ಮೇಲೆ ಹೀಗೇ ಏನೋ’ ಎಂಬ ಅಧೈರ್ಯ, ಮನೆಯವರ ದಣಿವು ಎಲ್ಲ ಹೊರಗೆ ಬರುವುದು ಮೂರನೆಯ, ನಾಲ್ಕನೆಯ ತಿಂಗಳಲ್ಲಿ. ಈಚೆಗೆ ನರ್ಸ್ ಕೆಲಸಕ್ಕೋ ಓದಿಗೋ ಬಂದು ನಮ್ಮ ಊರುಗಳಲ್ಲಿ ನೆಲೆಸಿದ ಹೊಸಬರಿಗೆ ಮೊದಲ ಎರಡು ವಾರದ ಡಬ್ಬಿಗಳೂ ಇರುವುದಿಲ್ಲ.

ನಮ್ಮ ಬೀದಿಯಲ್ಲಿ ಎರಡು ಮನೆ ಆಚೆ ನಿವೃತ್ತರಾದ ಇಂಗ್ಲಿಷರೊಬ್ಬರಿದ್ದಾರೆ. ಆಪರೇಷನ್ ಬಗ್ಗೆ ಅವರು ಕೇಳಿದ್ದು ಒಂದೇ ಸಲ. ಆ ವಾರದಿಂದ ನಮ್ಮ ಕಸದ ಬಿನ್ ತಾನಾಗಿ ರಸ್ತೆಬದಿಗೆ ಹೋಗಿ ತಾನಾಗಿ ವಾಪಸ್ ಬರುತ್ತಿದೆ. ವರ್ಷ ಕಳೆದು ಡಾಕ್ಟರು ಎಕ್ಸ್‌ರೇ ನೋಡಿ ಎಲುಬು ಕೂಡಿದೆ ಎಂದ ಮೇಲೂ ಅದು ನಿಂತಿಲ್ಲ. ಯುಗಾದಿಗೆ ಒಬ್ಬಟ್ಟು ಕೊಡೋಣವೆಂದು ಹೋದರೆ, ತಮಗೆ ಸಕ್ಕರೆ ಕಾಯಿಲೆ, ಸಿಹಿ ತಿನ್ನುವಂತಿಲ್ಲ ಎಂದು ನಗುತ್ತಾ ಬಾಗಿಲಲ್ಲೇ ಹಿಂದಿರುಗಿಸಿದರು.