ನೂಲಿನಂತೆ ಸೀರೆ ಅಂತಾರಲ್ಲ

ಕಳೆದ ವರ್ಷ ಮಗಳ ಸ್ಕೂಲ್ ಬ್ಯಾಗಲ್ಲಿ ಒದ್ದೆ ಚಡ್ಡಿ ಸಿಕ್ಕಿತು. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಟಿಫನ್ ಡಬ್ಬಿ ಕೆಳಗೆ ಬಚ್ಚಿಟ್ಟಿದ್ದಳು. ಆರು ವರ್ಷದವಳು, ಮೂರಕ್ಕೇ ಡೈಪರ್ ಬಿಟ್ಟಿದ್ದವಳು. ಆ ವಾರದಲ್ಲಿ ಅದು ಮೂರನೇ ಸಲ. ನಾನು ಬೈಯಲಿಲ್ಲ ಅಂತ ಬರೆಯೋಕೆ ಆಸೆ. ಬೈದೆ.

ಡಾಕ್ಟರ್ ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಇರಲಿಲ್ಲ. ಹೊಟ್ಟೆ ಒತ್ತಿ ನೋಡಿ ಮಲಬದ್ಧತೆ ಇದೆ ಅಂದರು. ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತೆ. ಮಗು ಗಂಟೆಗಟ್ಟಲೆ ತಡೆದುಕೊಳ್ಳೋದು ಅಭ್ಯಾಸವಾದರೆ ಅದು ಪೂರ್ತಿ ಖಾಲಿಯಾಗಲ್ಲ. ಹುಡುಗಿಯರ ಮೂತ್ರನಾಳ ಗಿಡ್ಡ, ಹಾಗಾಗಿ ಸೋಂಕಿನ ಭಯವೂ ಜಾಸ್ತಿ. (ನಮ್ಮ ಸ್ಕೂಲುಗಳ ಟಾಯ್ಲೆಟ್ ನೋಡಿದವರಿಗೆ, ಮಕ್ಕಳು ಯಾಕೆ ತಡೆದುಕೊಳ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.) ಇಲ್ಲಿಯವರೆಗೆ ಪ್ಲಂಬಿಂಗ್ ಪಾಠ, ಅರ್ಥವಾಯಿತು. ಆಮೇಲೆ ಅವರು ನನ್ನ ಕಡೆ ತಿರುಗಿದರು. "ನಿಮಗೆ ನಿದ್ದೆ ಸರಿಯಾಗಿ ಬರ್ತಿದೆಯೇನಮ್ಮ?"

ಸಿಟ್ಟು ಬಂತು. ಒದ್ದೆಯಾಗಿದ್ದು ಅವಳ ಚಡ್ಡಿ, ವಿಚಾರಣೆ ನನ್ನದು!

ನಿದ್ದೆ ಬರ್ತಿರಲಿಲ್ಲ ಅನ್ನೋದು ಬೇರೆ ಮಾತು. ಆಫೀಸಿಂದ ಬಂದು ಬೇಸ್‌ಮೆಂಟಲ್ಲಿ ಕಾರು ನಿಲ್ಲಿಸಿ, ಮೇಲೆ ಹೋಗೋಕಾಗದೆ ಅಲ್ಲೇ ಕೂತಿರ್ತಿದ್ದೆ. ಮನೆಯಿಂದ ಕೆಲಸ ಮಾಡೋ ದಿನ ಮಗಳು "ಅಮ್ಮಾ, ಒಂದಕ್ಕೆ" ಅಂತ ಬಂದರೆ "ಒಂದ್ನಿಮಿಷ" ಅಂತಿದ್ದೆ. ಆ ಒಂದ್ನಿಮಿಷ ಎಷ್ಟು ಉದ್ದ ಅಂತ ಅವಳಿಗೆ ಗೊತ್ತಾಗಿ, ಕೇಳೋದನ್ನೇ ಬಿಟ್ಟಳು. ಮಗು ಜಾಣೆಯಾಗಿದ್ದಾಳೆ, ಕಾಟ ಕೊಡಲ್ಲ ಅಂದುಕೊಂಡಿದ್ದೆ.

ಆ ರಾತ್ರಿ ಹುಡುಕಿ ಓದಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಬಸುರಿಯಾಗಿದ್ದ ಸುಮಾರು 14,000 ಹೆಂಗಸರನ್ನೂ ಅವರ ಮಕ್ಕಳನ್ನೂ ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನ ಒಂದಿದೆ. ತಾಯಿಯ ಖಿನ್ನತೆಗೂ ಮಕ್ಕಳ ಮೂತ್ರದ ತೊಂದರೆಗೂ ನಂಟಿದೆ ಅನ್ನೋ ಮಾತಿಗೆ ಅಲ್ಲಿನ ಅಂಕಿಅಂಶ ಆಧಾರ. ನಂಟು ಅಂದರೆ ನಂಟು ಅಷ್ಟೇ, ಕಾರಣ ಅಂತಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡಿದ ತಾಯಿ ಹಾಗೆ ಓದಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಲೇ ಓದುತ್ತಾಳೆ. ಮಗ್ಗ ಯಾರದು, ನೇಯ್ದವರು ಯಾರು ಅಂತ ಆ ಗಾದೆ ಕೇಳೋದೇ ಇಲ್ಲ.

ತಾಯಿಯನ್ನು ಕಟಕಟೆಗೆ ತಂದ ವಿಜ್ಞಾನದ ಚರಿತ್ರೆ ಅಷ್ಟು ಚೆನ್ನಾಗಿಲ್ಲ. ಆಟಿಸಂಗೆ ತಾಯಂದಿರ ತಣ್ಣನೆಯ ಸ್ವಭಾವವೇ ಕಾರಣ ಅಂತ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದ. 'ರೆಫ್ರಿಜರೇಟರ್ ತಾಯಿ' ಅನ್ನೋ ಮಾತು ಆ ಕಾಲದ್ದೇ. ಅದು ಸುಳ್ಳು ಅಂತ ಆಮೇಲೆ ಗೊತ್ತಾಯಿತು, ಅಷ್ಟರಲ್ಲಿ ಎಷ್ಟು ಜನ ತಾಯಂದಿರು ಅದನ್ನು ನಂಬಿ ಕೊರಗಿದರೋ.

ಹಾಗಂತ ಡಾಕ್ಟರ್ ಕೇಳಬಾರದಿತ್ತಾ? ನನ್ನ ಮನಸ್ಸು ನೋಯಬಾರದು ಅಂತ ಅವರು ಸುಮ್ಮನಿದ್ದಿದ್ದರೆ ಬೇಸ್‌ಮೆಂಟಿನ ವಿಷಯ ಯಾರಿಗೂ ಗೊತ್ತಾಗ್ತಿರಲಿಲ್ಲ. ಮುಂದೆ ಮನೋವೈದ್ಯರ ಹತ್ತಿರ ಹೋದಾಗ ಎಡಿನ್‌ಬರೋ ಮಾಪನದ ಮಾತು ಬಂತು. 1987ರಲ್ಲಿ ಬಾಣಂತಿಯರಿಗಾಗಿ ಮಾಡಿದ ಹತ್ತು ಪ್ರಶ್ನೆಗಳು. ಅದರಲ್ಲೊಂದು, ಅನಗತ್ಯವಾಗಿ ನಿಮ್ಮನ್ನೇ ದೂಷಿಸಿಕೊಂಡಿದ್ದೀರಾ ಅನ್ನೋದು. ಅಂದರೆ ನಾನು ಇಷ್ಟು ದಿನ ಆತ್ಮಸಾಕ್ಷಿ ಅಂದುಕೊಂಡಿದ್ದು ಕಾಯಿಲೆಯ ಲಕ್ಷಣ!

ಪೂರ್ತಿ ಹಾಗೂ ಅಲ್ಲ. ಕಾಯಿಲೆ ನನ್ನ ತಪ್ಪಲ್ಲ, ಒಪ್ಪಿದೆ. ಬೈದಿದ್ದು ನನ್ನದೇ. ಅದಕ್ಕೆ ಮಗಳ ಹತ್ತಿರ ಸಾರಿ ಕೇಳಿದ್ದೇನೆ. ಕಾರಣವಾಗೋದೂ ತಪ್ಪಿತಸ್ಥೆಯಾಗೋದೂ ಒಂದೇ ಅಲ್ಲ ಅಂತ ತಲೆಗೆ ಗೊತ್ತು, ಹೊಟ್ಟೆಗೆ ಇನ್ನೂ ಇಳಿದಿಲ್ಲ. ಅಂದಹಾಗೆ ಅವತ್ತು ಪಕ್ಕದ ಕುರ್ಚಿಯಲ್ಲೇ ನನ್ನ ಗಂಡ ಕೂತಿದ್ದರು. ಅವರ ನಿದ್ದೆ ಹೇಗಿದೆ ಅಂತ ಯಾರೂ ಕೇಳಲಿಲ್ಲ.

ಈಗ ಎರಡು-ಮೂರು ಗಂಟೆಗೊಮ್ಮೆ ಅವಳನ್ನು ಟಾಯ್ಲೆಟ್‌ಗೆ ಕಳಿಸಿ ಚಾರ್ಟಲ್ಲಿ ಗುರುತು ಹಾಕೋದು ಅಪ್ಪನ ಕೆಲಸ. ಮೊನ್ನೆ ನನ್ನ ಮಾತ್ರೆ ನೋಡಿ ಮಗಳು ಕೇಳಿದಳು, "ಇದ್ಯಾಕಮ್ಮ?"

"ನಂಗೆ ಹುಷಾರಿರ್ಲಿಲ್ಲ ಕಣೆ, ಅದಕ್ಕೆ."

"ನನ್ನಿಂದಾನಾ?"

"ಅಯ್ಯೋ, ಇಲ್ಲಪ್ಪ" ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.