ಕೈಸರನ ನ್ಯಾಯಾಸನ

2025ರಲ್ಲಿ ಮೈಸೂರು ದಸರೆಯ ಉದ್ಘಾಟನೆಗೆ ಸರಕಾರದವರು ಲೇಖಕಿಯಾದ ಬಾನು ಮುಷ್ತಾಕರನ್ನು ಕರೆದಾಗ, ಅನ್ಯಮತದವರು ಚಾಮುಂಡಿಬೆಟ್ಟದಲ್ಲಿ ದೀಪ ಹಚ್ಚಕೂಡದೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಸೆಪ್ಟೆಂಬರ್ 15ರಂದು ಹೈಕೋರ್ಟೂ 19ರಂದು ಸುಪ್ರೀಂ ಕೋರ್ಟೂ ಆ ಮೊರೆಯನ್ನು ತಳ್ಳಿಬಿಟ್ಟವು. ಇದು ಸರಕಾರದ ಉತ್ಸವ, ಸರಕಾರವು ಮತ ನೋಡಿ ಜನರನ್ನು ವಿಂಗಡಿಸಲಾರದು ಎಂಬದೇ ಸುಪ್ರೀಂ ಕೋರ್ಟಿನ ಮಾತಿನ ತಾತ್ಪರ್ಯ. 22ರಂದು ಆಕೆಯೇ ಉದ್ಘಾಟಿಸಿದರು.

ಒಬ್ಬರ ವ್ಯಾಜ್ಯದಲ್ಲಿ ಹೈಕೋರ್ಟು ಕೊಟ್ಟ ತೀರ್ಪು ಮುಂದಿನ ವ್ಯಾಜ್ಯಕ್ಕೂ ಆಧಾರವಾಗುವದು. ನಾಳೆ ನಮ್ಮಲ್ಲೊಬ್ಬನನ್ನು ಕ್ರೈಸ್ತನೆಂಬ ಕಾರಣಕ್ಕೆ ಸರಕಾರದ ಸಮಾರಂಭದಿಂದ ಹೊರಗಿಟ್ಟರೆ, ಇದನ್ನೇ ಮುಂದಿಟ್ಟು, ಪೌಲನು ಕೈಸರನಿಗೆ ಮೊರೆಯಿಟ್ಟಂತೆ ನಾವೂ ಮೊರೆಯಿಡಬಹುದು; ಅದರಲ್ಲಿ ನಾಚಿಕೆಯೇನು? ಆದರೆ ಅಲ್ಲಿ ನಡೆಯುವ ಪೂಜೆಯಲ್ಲಿ ನಾವು ಕೈಜೋಡಿಸಬಹುದೋ ಎಂಬದನ್ನು ಯಾವ ನ್ಯಾಯಾಧಿಪತಿಯೂ ತೀರ್ಮಾನಿಸಿಕೊಡನು. ಅದನ್ನು ಕರ್ತನ ಮುಂದೆಯೇ ಕೇಳಬೇಕು.