ಹೊರಟುಹೋದುದು ಯಾವುದು?

1948ನೆಯ ಇಸವಿ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾದ ಕೆಲವು ಗಂಟೆಗಳಲ್ಲಿಯೇ ಪಂಡಿತ ಜವಾಹರಲಾಲ ನೆಹರೂ ಅವರು ರೇಡಿಯೋದಲ್ಲಿ ಇಂಗ್ಲಿಷಿನಲ್ಲಿ ಮಾತನಾಡಿದರು. ನಮ್ಮ ಬಾಳಿನೊಳಗಿಂದ ಬೆಳಕು ಹೊರಟುಹೋಯಿತೆಂಬುದು ಅವರ ಮೊದಲ ಮಾತುಗಳಲ್ಲೊಂದು. ಆದರೆ ಅದೇ ಭಾಷಣದಲ್ಲಿ ಅವರೇ ಆ ಮಾತನ್ನು ಹಿಂದೆಗೆದುಕೊಂಡರು; ತಾವು ಹಾಗೆಂದುದು ತಪ್ಪು, ಆ ಬೆಳಕು ಸಾಮಾನ್ಯವಾದುದಲ್ಲ, ಸಾವಿರ ವರ್ಷಗಳಾದ ಮೇಲೂ ಅದು ಕಾಣುತ್ತಿರುವುದೆಂದರು. ಇದನ್ನು ವಾಕ್ಚಾತುರ್ಯವೆಂದು ಹೇಳಿ ಮುಗಿಸುವವರುಂಟು. ಆದರೆ ತಿದ್ದಿಕೊಳ್ಳಬೇಕಾದ ತೊಡಕು ಆ ನುಡಿಗಟ್ಟಿನ ಹೊಟ್ಟೆಯಲ್ಲಿಯೇ ಇರುವುದು.

ಇಂಗ್ಲಿಷರಲ್ಲಿ ದೀಪವು ಆರುವುದೂ ಇಲ್ಲ, ನಂದುವುದೂ ಇಲ್ಲ. 'ಗೋಸ್ ಔಟ್', ಎಂದರೆ ಹೊರಗೆ ಹೋಗುತ್ತದೆ. ಎಲ್ಲಿಗೆ ಹೋಯಿತೆಂದು ಅವರಲ್ಲಿ ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಬುದ್ಧದೇವನು ಕೇಳಿದನು. ಆರಿದ ಬೆಂಕಿಯು ಮೂಡಣಕ್ಕೆ ಹೋಯಿತೋ ಪಡುವಣಕ್ಕೆ ಹೋಯಿತೋ ಎಂದು ಅವನು ವಚ್ಛಗೋತ್ರನೆಂಬ ಪರಿವ್ರಾಜಕನನ್ನು ಕೇಳಿದುದಾಗಿ ಪಾಲಿಯ ಮಜ್ಝಿಮನಿಕಾಯದಲ್ಲಿದೆ. ಹುಲ್ಲು ಕಟ್ಟಿಗೆಗಳನ್ನು ಆಶ್ರಯಿಸಿ ಉರಿದ ಬೆಂಕಿಗೆ, ಅವು ತೀರಿದ ಮೇಲೆ, ಆ ಪ್ರಶ್ನೆಯೇ ಹೊಂದದೆಂದು ಪರಿವ್ರಾಜಕನು ಒಪ್ಪಿದನು. ನಮ್ಮ ಮನೆಗಳ ಹಿರಿಯರು ದೀಪವು 'ಶಾಂತವಾಯಿತು' ಎನ್ನುವಾಗಲೂ ಅದನ್ನು ಯಾವ ಊರಿಗೂ ಕಳುಹಿಸುವುದಿಲ್ಲ.

ಬರಿಯ 'ಔಟ್' ಎಂಬುದಕ್ಕೆ 'ಆಫ್' ಸೇರಿದಾಗ ವಿಷಯವು ಇನ್ನೂ ಸೂಕ್ಷ್ಮವಾಗುತ್ತದೆ. ಈ 'ಆಫ್' ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ 'ದೆಸೆಯಿಂದ' ಎಂಬ ಅರ್ಥವೇ ಮುಖ್ಯವಾಗಿದ್ದಿತು. ಆದುದರಿಂದ 'ಔಟ್ ಆಫ್' ಎಂಬುದು ಅವರ ಪಂಚಮೀ ವಿಭಕ್ತಿಯೆಂದರೆ ತಪ್ಪಾಗದು. ಎದೆಗುಂದಿದವನ ವಿಷಯದಲ್ಲಿ, ಅವನ ಹೃದಯವು ಅವನೊಳಗಿಂದ ಹೊರಟುಹೋಯಿತೆಂದು ಅವರು ಹೇಳುವರು. ಹುಚ್ಚು ಹಿಡಿದವನ ವಿಷಯದಲ್ಲಿಯಾದರೋ, ಅವನೇ ತನ್ನ ಮನಸ್ಸಿನಿಂದ ಹೊರಗಾದನೆನ್ನುವರು. ಒಮ್ಮೆ ಮನುಷ್ಯನು ಮನೆ, ಗುಣವು ಹೊರಡುವ ಅತಿಥಿ. ಇನ್ನೊಮ್ಮೆ ಮನಸ್ಸು ಮನೆ, ಮನುಷ್ಯನೇ ಬೀದಿಗೆ ಬಿದ್ದವನು. ಸಿಟ್ಟಿಗೆದ್ದವನನ್ನು 'ಔಟ್ ಆಫ್ ಟೆಂಪರ್' ಎನ್ನುವರು. ಟೆಂಪರ್ ಎಂದರೆ ಮೂಲದಲ್ಲಿ ಹದ. ಉಕ್ಕಿಗೆ ಕೊಡುವ ಹದಕ್ಕೂ ಅದೇ ಹೆಸರು. ಕನ್ನಡಿಗನು ತನಗೆ ಕೋಪ ಬಂದಿತೆಂದು ಹೇಳಿ, ಎಲ್ಲಿಂದಲೋ ಬಂದ ನೆಂಟನ ಮೇಲೆ ತಪ್ಪನ್ನು ಹೊರಿಸುತ್ತಾನೆ; ಇಂಗ್ಲಿಷನು ಹದದಿಂದ ತಾನೇ ಹೊರಬಿದ್ದೆನೆಂದು ಒಪ್ಪಿಕೊಳ್ಳುತ್ತಾನೆ. ಇಲ್ಲಿ ಇಂಗ್ಲಿಷಿನದೇ ಹೆಚ್ಚು ಪ್ರಾಮಾಣಿಕವಾದ ಮಾತೆನ್ನದೆ ವಿಧಿಯಿಲ್ಲ.

ಎರಡು ವಸ್ತುಗಳು ಅಗಲುವಾಗ ಯಾವುದು ಧ್ರುವವೋ ಅದು ಅಪಾದಾನವೆಂದು ಪಾಣಿನಿಯು ವಿಧಿಸಿದನು. ಮರದಿಂದ ಎಲೆ ಬಿದ್ದರೆ ಮರವು ಧ್ರುವ. ಹಾಗಾದರೆ ಬೆದರಿ ಓಡುವ ಕುದುರೆಯಿಂದ ಸವಾರನು ಬಿದ್ದರೆ, ಓಡುವ ಕುದುರೆಯು ಧ್ರುವವಾದೀತು ಹೇಗೆ? ಪತಂಜಲಿಯು ತನ್ನ ಮಹಾಭಾಷ್ಯದಲ್ಲಿ ಈ ಶಂಕೆಯನ್ನೆತ್ತಿದ್ದಾನೆ. ಧ್ರುವವೆಂದರೆ ಅಲುಗಾಡದುದೆಂದಲ್ಲ, ಆ ಅಗಲಿಕೆಯ ಮಟ್ಟಿಗೆ ಯಾವುದು ಎಲ್ಲೆಯೋ ಅದೆಂಬುದು ವೈಯಾಕರಣರ ನಿಲುವು. ಆದುದರಿಂದ ಯಾವುದನ್ನು ಧ್ರುವವೆಂದು ಇಟ್ಟುಕೊಳ್ಳಬೇಕೆಂಬುದು ಹೇಳುವವನ ವಿವಕ್ಷೆಗೆ ಬಹುಮಟ್ಟಿಗೆ ಸೇರಿದುದು. ವ್ಯಾಕರಣವು ಕೊಟ್ಟ ಈ ಸ್ವಾತಂತ್ರ್ಯದಲ್ಲಿಯೇ ಧರ್ಮಸಂಕಟವೂ ಅಡಗಿದೆ.

ದಂಪತಿಗಳಲ್ಲಿ ಒಲವು ತೀರಿದುದನ್ನು ಇಂಗ್ಲಿಷರು ಎರಡು ಬಗೆಯಾಗಿ ಹೇಳಬಲ್ಲರು. ಆ ದಾಂಪತ್ಯದೊಳಗಿಂದ ಒಲವು ಹೊರಟುಹೋಯಿತೆಂಬುದು ಒಂದು. ಅವರಿಬ್ಬರೂ ಒಲವಿನಿಂದ ಹೊರಬಿದ್ದರೆಂಬುದು ಇನ್ನೊಂದು. ಘಟನೆಯು ಒಂದೇ. ಮೊದಲನೆಯ ಮಾತಿನಲ್ಲಿ ಗಂಡಹೆಂಡಿರು ಕುಳಿತಲ್ಲಿಯೇ ಕುಳಿತಿರುವರು. ಒಲವೇ ಬಾಗಿಲು ತೆರೆದು ನಡೆದುಬಿಟ್ಟಿತು. ಅವರನ್ನು ಯಾರೂ ಏನೂ ಕೇಳುವಂತಿಲ್ಲ. ಎರಡನೆಯದರಲ್ಲಿ ಒಲವು ಇದ್ದಲ್ಲಿಯೇ ಇದೆ, ಬಿದ್ದವರು ಇವರು. ಇದು ಕಿವಿಗೆ ಕಠಿಣವಾದ ಮಾತು. ಆದರೂ ಬಿದ್ದವರು ಮತ್ತೆ ಏಳಬಹುದು. ಹೊರಟುಹೋದ ಅತಿಥಿಯ ವಿಳಾಸವನ್ನು ಯಾರು ಬಲ್ಲರು? ಅಧ್ಯಾಪಕನು ತನ್ನ ಪಾಠದಿಂದ ಸ್ವಾರಸ್ಯವು ಹೋಯಿತೆಂದಾಗಲಿ, ಅಧಿಕಾರಿಯು ತನ್ನಿಂದ ಕನಿಕರವು ಹೋಯಿತೆಂದಾಗಲಿ ಹೇಳುವಾಗ, ಧ್ರುವಸ್ಥಾನದಲ್ಲಿ ತನ್ನನ್ನೇ ಕೂರಿಸಿಕೊಂಡಿರುತ್ತಾನೆ. ನಮ್ಮವರು ಧರ್ಮ ತಪ್ಪಿದನು, ಮಾತಿಗೆ ತಪ್ಪಿದನು, ದಾರಿ ತಪ್ಪಿದನು ಎನ್ನುವಲ್ಲಿ ಆ ಪೀಠವು ಮನುಷ್ಯನಿಗೆ ದೊರೆಯುವುದಿಲ್ಲ.

ಅಧರ್ಮಕ್ಕೆ ಹೇಸುತ್ತಾನೆ, ಧರ್ಮದಲ್ಲಿ ಪ್ರಮಾದಗೊಳ್ಳುತ್ತಾನೆ ಎಂಬಲ್ಲಿಯೂ ಸಂಸ್ಕೃತದಲ್ಲಿ ಪಂಚಮಿಯೇ ಬರುವುದು. ಅಲ್ಲಿ ಯಾವ ದೇಹವೂ ಯಾವುದನ್ನೂ ಅಗಲಿಲ್ಲವಲ್ಲ? ಪತಂಜಲಿಯ ಸಮಾಧಾನವು ಅತ್ಯಂತ ರಮಣೀಯವಾದುದು. ಮನುಷ್ಯನು ಮೊದಲು ಬುದ್ಧಿಯಿಂದ ಅದನ್ನು ತಲಪುತ್ತಾನೆ, ಅನಂತರ ಅಲ್ಲಿಂದ ಹಿಂದಿರುಗುತ್ತಾನೆ. ಅಗಲಿಕೆಯು ಬುದ್ಧಿಯಲ್ಲಿ ನಡೆದಿದೆ. ಕಳ್ಳತನಕ್ಕೆ ಹೇಸುವವನೂ ಒಂದು ಕ್ಷಣ ಮನಸ್ಸಿನಲ್ಲಿ ಆ ಗೋಡೆಯ ಬಳಿಗೆ ಹೋಗಿ ಬಂದವನೇ.

ಹೀಗೆಂದು ಎಲ್ಲ ಕಡೆಯಲ್ಲಿಯೂ ಮನುಷ್ಯನನ್ನೇ ಬೀಳಿಸಿ ನೋಡಹೊರಟರೆ ಅದು ಕ್ರೌರ್ಯವಾದೀತು. ಹೆತ್ತ ಮಗುವನ್ನು ಕಳೆದುಕೊಂಡ ತಾಯಿಯ ಬಾಳಿನಿಂದ ಬೆಳಕು ಹೊರಟುಹೋಯಿತೆಂಬುದು ಅಕ್ಷರಶಃ ಸತ್ಯವಾದ ಮಾತು. ನೀನೇ ಸಂತೋಷದಿಂದ ಜಾರಿದೆ ಎಂದು ಅವಳಿಗೆ ಹೇಳುವ ನಾಲಗೆಯು ನಾಲಗೆಯಲ್ಲ. ಬಹುಕಾಲದ ರೋಗದಿಂದ ಕಸುವು ಸೋರಿಹೋದವನಲ್ಲಿಯೂ ಹಾಗೆಯೇ. ಅವರ ವಿಷಯದಲ್ಲಿ ಇಂಗ್ಲಿಷಿನ ಮೊದಲ ಬಗೆಯ ಮಾತೇ ದಯೆಯುಳ್ಳದು. ನಿರಪರಾಧಿಯನ್ನು ಅದು ನಿರಪರಾಧಿಯಾಗಿಯೇ ಉಳಿಸುತ್ತದೆ. ಅಳಲಿನ ಆ ಸಂಜೆಯಲ್ಲಿ ನೆಹರೂ ಅವರ ಬಾಯಿಗೆ ಮೊದಲು ಬಂದ ಮಾತೂ ಈ ಜಾತಿಯದೇ. ಹಾಗೆಯೇ ಬಿಟ್ಟಿದ್ದರೆ, ಬೆಳಕು ಹೋದ ಮೇಲೆ ಕತ್ತಲೆಯಲ್ಲಿ ನಡೆದುದಕ್ಕೆ ಯಾರೂ ಹೊಣೆಯಲ್ಲವೆಂದು ಕೇಳಿದವರು ತಿಳಿಯಬಹುದಾಗಿತ್ತು. ಬೆಳಕು ಇದೆಯೆಂದು ಅವರು ತಿದ್ದಿದಾಗ ಧ್ರುವಸ್ಥಾನವು ಬದಲಾಯಿತು. ಅಗಲಬಹುದಾದವರು ಇನ್ನು ಮೇಲೆ ಜನರು.

ಮುದುಕರಿಗೆ ಸಂಬಂಧಪಟ್ಟ ಇನ್ನೊಂದು ಪ್ರಯೋಗವುಂಟು. ಉಡುಪು, ಪದ್ಧತಿ, ಕೆಲವೊಮ್ಮೆ ಮನುಷ್ಯರೂ 'ಔಟ್ ಆಫ್ ಡೇಟ್', 'ಔಟ್ ಆಫ್ ಫ್ಯಾಷನ್' ಆಗುವರಂತೆ. ನಿಜ ನೋಡಿದರೆ ಆ ಪಂಚೆಯಾಗಲಿ ಆ ಮುದುಕನಾಗಲಿ ಎಲ್ಲಿಗೂ ಹೋದುದಿಲ್ಲ, ಹೋದುದು ಕಾಲ. ಇದಕ್ಕೂ ಮಹಾಭಾಷ್ಯದಲ್ಲಿ ಉದಾಹರಣೆಯಿದೆ: ನಡೆಯುತ್ತಿರುವ ವರ್ತಕರ ತಂಡದಿಂದ ಹಿಂದುಳಿದವನು. ಎತ್ತುಗಳೂ ಗಾಡಿಗಳೂ ಧೂಳೆಬ್ಬಿಸಿಕೊಂಡು ಮುಂದೆ ಸಾಗಿವೆ. ಇವನು ಮರದ ನೆರಳಿನಲ್ಲಿ ನಿಂತಿದ್ದಾನೆ. ಆದರೂ ಧ್ರುವವೆನಿಸಿಕೊಂಡುದು ಆ ತಂಡವೇ, ಅಗಲಿದವನೆನಿಸಿಕೊಂಡವನು ಇವನೇ.